ಅಪ್‌ಡೇಟ್: ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದದ್ದು ನಿಂತಿತು

ಉಡುಪಿ ಹತ್ತಿರ ಬ್ರಹ್ಮಾವರದ ನಮ್ಮ ಹೊಂಡದಲ್ಲಿ ಕಾಟ್ಲಾ, ರೋಹು ಮೀನುಗಳು ಬೆಳಗಾಗುವ ಮೊದಲೇ ಮೇಲೆ ಬಂದು ಬಾಯಿ ಬಿಡುತ್ತವೆ ಅಂತ ಕೇಳಿದ್ದೆ ಅಲ್ವಾ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದ್ದೇ ಅದಕ್ಕೆ ಕಾರಣ, ಈಗ ಸರಿಯಾಗಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೈ ಹಿಡಿದದ್ದು ಪಂಪ್ ಸಲಹೆ. ಹೊಂಡದ ನೀರನ್ನೇ ಎತ್ತಿ, ಪೈಪಿನ ಬಾಯಿಗೆ ತೂತು ಮಾಡಿದ ತಗಡು ಕಟ್ಟಿ, ಮಳೆ ಹನಿಯ ಹಾಗೆ ವಾಪಸ್ ಬೀಳುವಂತೆ ನಸುಕಿನಲ್ಲಿ ಓಡಿಸಿದೆವು, ಸ್ವಲ್ಪ ಹೊತ್ತಿಗೆ ಮೀನುಗಳು ಕೆಳಗಿಳಿದವು. ಹೊಂಡಕ್ಕೆ ಗೊಬ್ಬರವಾಗಿ ಸೆಗಣಿ ಹಾಕುವುದನ್ನೂ ನಿಲ್ಲಿಸಿದೆವು. ಮೋಡ ಕವಿದ ದಿನ ಫೀಡ್ ಕಡಿಮೆ.

ಸುಣ್ಣದಿಂದ ಇದಕ್ಕೆ ಉಪಯೋಗ ಆಗಲಿಲ್ಲ. ನಮ್ಮ ಮುರಕಲ್ಲು (ಜಂಬಿಟ್ಟಿಗೆ) ಮಣ್ಣಿನ ಹುಳಿ ತಗ್ಗಿಸಲು ಸುಣ್ಣ ಬೇಕೇ ಬೇಕು, ಆದರೆ ಅದು ಆಮ್ಲಜನಕ ಕೊಡುವುದಿಲ್ಲ.

ಆಶ್ಚರ್ಯ ಆಗಿದ್ದು ಒಂದು ವಿಷಯ. ನೀರು ಹಸಿರಾದಷ್ಟೂ ಒಳ್ಳೆಯದು ಅಂತ ಊರಲ್ಲಿ ಹೇಳುತ್ತಾರೆ, ಆದರೆ ಹಗಲು ಆಮ್ಲಜನಕ ಕೊಡುವ ಪಾಚಿಯೇ ರಾತ್ರಿ ಉಸಿರಾಡಿ ಅದನ್ನು ಖಾಲಿ ಮಾಡುತ್ತದೆ, ಅದಕ್ಕೇ ನಸುಕಿನಲ್ಲಿ ಮೀನಿನ ಪರದಾಟ ಜಾಸ್ತಿ. ಮೊಣಕೈವರೆಗೆ ಕೈ ಮುಳುಗಿಸಿ ನೋಡಿ. ಅಂಗೈ ಕಾಣದಿದ್ದರೆ ಪಾಚಿ ಹೆಚ್ಚಾಗಿದೆ ಅಂತ ಅರ್ಥ. ಮಣ್ಣು ಕದಡಿದ ನೀರಿಗೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ.

ನೀರಿಗೆ ಗಾಳಿ ಬೆರೆಸುವ ಯಂತ್ರ, ಅಂದರೆ ಏರೇಟರ್, ಸದ್ಯ ಬೇಕಾಗಲಿಲ್ಲ. ಮೀನುಮರಿ ದಟ್ಟವಾಗಿ ಬಿಟ್ಟವರು ಇಟ್ಟುಕೊಳ್ಳುವುದೇ ಒಳ್ಳೆಯದು.