ಕೊಡೋರು ನಾವು, ಬೈಸಿಕೊಳ್ಳೋರೂ ನಾವೇನಾ? ನ್ಯೂಜೆರ್ಸಿ ತೆರಿಗೆ, ಮಿಸಿಸಿಪ್ಪಿ ಲೆಕ್ಕ

ಎಡಿಸನ್‌ವಾಸಿ

ನ್ಯೂಜೆರ್ಸಿಯಲ್ಲಿ ಮನೆ ಮಾಡಿರೋರಿಗೆ ಈ ಸಂಕಟ ಗೊತ್ತಿರುತ್ತೆ. ಪ್ರಾಪರ್ಟಿ ಟ್ಯಾಕ್ಸೇ ಹತ್ತು ಸಾವಿರ ಡಾಲರ್ ದಾಟುತ್ತೆ, ರಾಜ್ಯದ ಇನ್‌ಕಂ ಟ್ಯಾಕ್ಸ್ ಬೇರೆ. 2017ರ ಫೆಡರಲ್ ತೆರಿಗೆ ಕಾನೂನು ಬಂದ ಮೇಲೆ ಇವೆರಡೂ ಸೇರಿ ಎಷ್ಟೇ ಕಟ್ಟಿದರೂ ಫೆಡರಲ್ ರಿಟರ್ನ್‌ನಲ್ಲಿ ಆದಾಯದಿಂದ ಹತ್ತು ಸಾವಿರಕ್ಕಿಂತ ಜಾಸ್ತಿ ಕಳೆಯೋ ಹಾಗಿರಲಿಲ್ಲ. 2025ರಲ್ಲಿ ಆ ಮಿತಿಯನ್ನ 40,000ಕ್ಕೆ ಏರಿಸಿದರು, ಸ್ವಲ್ಪ ಉಸಿರು ಬಂತು.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ಟೀಮಲ್ಲಿ ಅಲಬಾಮಾದಿಂದ ಕೆಲಸ ಮಾಡೋ ಒಬ್ಬ ಇದ್ದಾನೆ. ಮನುಷ್ಯ ಒಳ್ಳೆಯವನೇ. ಆದರೆ ಮೀಟಿಂಗ್ ಶುರುವಾಗೋ ಮುಂಚಿನ ಹರಟೆಯಲ್ಲಿ ಅವನದು ಒಂದೇ ರಾಗ: ನಿಮ್ಮ ಬ್ಲೂ ಸ್ಟೇಟ್‌ಗಳು (ಡೆಮಾಕ್ರಟರು ಗೆಲ್ಲೋ ರಾಜ್ಯಗಳು; ರಿಪಬ್ಲಿಕನ್ನರದು ಕೆಂಪು) ಕಂಡಾಪಟ್ಟೆ ಖರ್ಚು ಮಾಡ್ತೀರಿ, ಆಮೇಲೆ ನಮ್ಮ ದುಡ್ಡಿಗೆ ಕೈ ಹಾಕ್ತೀರಿ. ಸಿಟ್ಟು ಬಂದು ಹುಡುಕಿದೆ. ಟ್ಯಾಕ್ಸ್ ಫೌಂಡೇಶನ್ ಅನ್ನೋ ತೆರಿಗೆ ಅಧ್ಯಯನ ಸಂಸ್ಥೆಯವರ 2005ರ ಲೆಕ್ಕದ ಪ್ರಕಾರ ನ್ಯೂಜೆರ್ಸಿಯೋರು ವಾಷಿಂಗ್ಟನ್‌ಗೆ ಕಟ್ಟಿದ ಪ್ರತಿ ಡಾಲರಿಗೆ ವಾಪಸ್ ಬಂದಿದ್ದು 61 ಸೆಂಟ್. ಇಡೀ ದೇಶದಲ್ಲೇ ಕಡಿಮೆ. ಅವನ ಅಲಬಾಮಾಗೆ 1 ಡಾಲರ್ 66 ಸೆಂಟ್. ಮಿಸಿಸಿಪ್ಪಿಗೆ 2 ಡಾಲರ್ 2 ಸೆಂಟ್! ಹಳೇ ಲೆಕ್ಕ, ನಿಜ. ಆದರೆ ಆಮೇಲೆ ಆಲ್ಬನಿಯ ರಾಕ್‌ಫೆಲ್ಲರ್ ಇನ್‌ಸ್ಟಿಟ್ಯೂಟ್‌ನವರು ಮಾಡಿದ ಲೆಕ್ಕದಲ್ಲೂ ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್ ಕೊಡೋ ಸಾಲಲ್ಲೇ ಇವೆ.

ಇಷ್ಟೆಲ್ಲ ಇಸ್ಕೊಳ್ಳೋ ಜನ, ಸರ್ಕಾರ ಚಿಕ್ಕದಾಗಬೇಕು, ಖರ್ಚು ಕಡಿಮೆ ಮಾಡಬೇಕು ಅನ್ನೋರಿಗೆ ವೋಟು ಹಾಕೋದು ಹೇಗೆ? ಸಂಕೋಚ ಆಗಲ್ವಾ? ನಮ್ಮ ಕಡೆಯ "ನನ್ನ ತೆರಿಗೆ ನನ್ನ ಹಕ್ಕು" ಕೂಗು ಇದೇ ಅಲ್ವಾ?

ಹೂಸ್ಟನ್ ಗೌಡ

ಅಲ್ಲಾ ಕಣಕ್ಕಾ, ನಿಮಗೆ ಬೇಕಾದ ಸಾಲು ಮಾತ್ರ ಓದಿದ್ರೆ ಹೆಂಗೆ? ಅದೇ ಪಟ್ಟಿಯಲ್ಲಿ ಮಿಸಿಸಿಪ್ಪಿಗಿಂತ ಮೇಲಿರೋದು ನ್ಯೂ ಮೆಕ್ಸಿಕೊ, 2 ಡಾಲರ್ 3 ಸೆಂಟ್. ಈಗ ಅದು ಪಕ್ಕಾ ಡೆಮಾಕ್ರಟಿಕ್ ರಾಜ್ಯ. ಲಾಸ್ ಅಲಾಮೋಸ್, ಸಾಂಡಿಯಾ ಅನ್ನೋ ಫೆಡರಲ್ ಅಣ್ವಸ್ತ್ರ ಲ್ಯಾಬ್‌ಗಳು ಅಲ್ಲಿವೆ. ನಮ್ಮ ಟೆಕ್ಸಸ್‌ಗೆ ಆ ವರ್ಷ ಬಂದಿದ್ದು 94 ಸೆಂಟ್, ಅಂದ್ರೆ ನಾವೂ ಕೊಟ್ಟೋರೇ. ವರ್ಜೀನಿಯಾ, ಮೇರಿಲ್ಯಾಂಡ್‌ಗಳಿಗೆ ಫೆಡರಲ್ ನೌಕರರ ಸಂಬಳ, ಪೆಂಟಗನ್ ಗುತ್ತಿಗೆ ಎಷ್ಟು ಹೋಗುತ್ತೆ ನೋಡಿ, ಆಮೇಲೆ ಕೆಂಪು ನೀಲಿ ಅಂತ ಬಣ್ಣ ಹಚ್ಚಿ.

ಇನ್ನೊಂದು. ಈ ರಾಜ್ಯವಾರು ಲೆಕ್ಕ ಶುರು ಮಾಡಿ ಪ್ರತಿ ವರ್ಷ ಪ್ರಕಟಿಸಿದ್ದು ನ್ಯೂಯಾರ್ಕಿನ ಸೆನೆಟರ್ ಮೊಯ್ನಿಹಾನ್, 1970ರ ದಶಕದಲ್ಲಿ. ಡೆಮಾಕ್ರಟ್. ಬಡವರಿಗೆ ಕೊಡಬೇಕು ಅನ್ನೋ ಪಕ್ಷದೋರೇ ಬಡ ರಾಜ್ಯಕ್ಕೆ ಹೋಯ್ತು ಅಂತ ಅಳೋದು. ತಮಾಷೆ ಅಲ್ವಾ?

ಜಾಕ್ಸನ್‌ನಿಂದ ಸಾಗರದವಳು

ನಾನಿರೋದು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ, ಕೆಲಸ ಆಸ್ಪತ್ರೆಯೊಂದರ ಬಿಲ್ಲಿಂಗ್ ವಿಭಾಗದಲ್ಲಿ. ನೀವು ಹೇಳೋ ಆ 2 ಡಾಲರ್ 2 ಸೆಂಟ್ ಯಾರ ಹೆಸರಲ್ಲಿ ಬರ್ತದೆ ಅನ್ನೋದು ದಿನಾ ನನ್ನ ಸ್ಕ್ರೀನ್ ಮೇಲೇ ಇರ್ತದೆ. ಸ್ವಲ್ಪ ಉದ್ದ ಆಗ್ತದೆ, ಸಹಿಸ್ಕೊಳ್ಳಿ ಮಾರಾಯ್ರೆ.

ವಾಷಿಂಗ್ಟನ್‌ಗೆ ತೆರಿಗೆ ಕಟ್ಟೋದು ನ್ಯೂಜೆರ್ಸಿ ಅನ್ನೋ ರಾಜ್ಯ ಅಲ್ಲ. ಅಲ್ಲಿನ ಜನ, ಕಂಪನಿ. ಆದಾಯ ಏರಿದ ಹಾಗೆ ದರ ಏರ್ತದೆ. ನಿಮ್ಮಲ್ಲಿ ಔಷಧ ಕಂಪನಿಗಳು, ಬೆಳಗಾಗೆದ್ದು ರೈಲು ಹತ್ತಿ ವಾಲ್ ಸ್ಟ್ರೀಟಿಗೆ ಹೋಗೋರು. ಇಲ್ಲಿ ಕೋಳಿ ಫ್ಯಾಕ್ಟರಿ, ಕ್ಯಾಟ್‌ಫಿಶ್ ಕೆರೆಗಳು. ನ್ಯೂಜೆರ್ಸಿಯ ನಿಮ್ಮ ಎಡಿಸನ್‌ನಲ್ಲಿ ಒಬ್ಬ ಐದು ಲಕ್ಷ ದುಡಿದು ಕಟ್ಟೋ ದರವನ್ನೇ ಇಲ್ಲಿ ಐದು ಲಕ್ಷ ದುಡಿಯೋ ಡಾಕ್ಟರೂ ಕಟ್ತಾನೆ. ಅಂಥೋರು ಇಲ್ಲಿ ಕಡಿಮೆ, ಅಷ್ಟೇ.

ವಾಪಸ್ ಬರೋ ದುಡ್ಡಲ್ಲಿ ದೊಡ್ಡ ಪಾಲು ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪೆನ್ಷನ್), ಮೆಡಿಕೇರ್ (ಮುಖ್ಯವಾಗಿ ವಯಸ್ಸಾದೋರ ಆರೋಗ್ಯ ವಿಮೆ), ಮೆಡಿಕೇಡ್ (ಬಡವರ ಆರೋಗ್ಯ ವಿಮೆ), ಮಿಲಿಟರಿ. ನಿಮ್ಮೂರಲ್ಲಿ ಜೀವಮಾನ ದುಡಿದು, ಮನೆ ಮಾರಿ ಫ್ಲೋರಿಡಾಗೆ ಹೋಗಿ ಕೂತ ಅಜ್ಜನ ಪೆನ್ಷನ್ ಫ್ಲೋರಿಡಾದ ಖಾತೆಗೆ ಬೀಳ್ತದೆ. ಪಾಸ್ಕಗೂಲಾದ ಇಂಗಲ್ಸ್ ಶಿಪ್‌ಯಾರ್ಡ್‌ನಲ್ಲಿ ನೌಕಾಪಡೆಗೆ ಯುದ್ಧನೌಕೆ ಕಟ್ಟಿದ್ರೆ ಅದೂ ಮಿಸಿಸಿಪ್ಪಿ "ತಿಂದ" ಲೆಕ್ಕ. ಆ ಹಡಗು ಕಾಯೋದು ಎಡಿಸನ್ನನ್ನೂ ಸೇರಿಸಿ ಅಲ್ದಾ?

ಬೇಕು ಅಂತಲೇ ಬಡ ರಾಜ್ಯಕ್ಕೆ ಹೆಚ್ಚು ಕೊಡೋದು ಅಂದ್ರೆ ಮೆಡಿಕೇಡ್. ಅಲ್ಲಿ ಸೂತ್ರ ಇದೆ: ರಾಜ್ಯದ ತಲಾ ಆದಾಯ ಕಡಿಮೆ ಇದ್ದಷ್ಟೂ ಫೆಡರಲ್ ಪಾಲು ಹೆಚ್ಚು. ನ್ಯೂಜೆರ್ಸಿಗೆ ಕನಿಷ್ಠ ಪಾಲು, ನೂರಕ್ಕೆ 50. ನಮಗೆ ಸುಮಾರು 77. ಇದು 1965ರಿಂದ ಇರೋ ವ್ಯವಸ್ಥೆ, ಯಾವ ಪಕ್ಷ ಬಂದ್ರೂ ಅದೇ.

ಇನ್ನು ನಿಮ್ಮ ಅಸಲಿ ಪ್ರಶ್ನೆ. ಇಸ್ಕೊಳ್ಳೋರೇ ವಿರೋಧವಾಗಿ ವೋಟು ಹಾಕ್ತಾರೆ ಅಂದ್ರಲ್ಲ, ಅವರಿಬ್ಬರೂ ಒಂದೇ ಜನ ಅಂತ ಯಾರು ಹೇಳಿದ್ದು? ಮಿಸಿಸಿಪ್ಪಿಯಲ್ಲಿ ನೂರಕ್ಕೆ ಮೂವತ್ತೆಂಟರ ಹತ್ತಿರ ಕಪ್ಪು ಜನ. ಡೆಲ್ಟಾ ಕಡೆ, ಗ್ರೀನ್‌ವಿಲ್, ಕ್ಲಾರ್ಕ್ಸ್‌ಡೇಲ್ ಸುತ್ತಮುತ್ತ, ಅತಿ ಬಡ ಕೌಂಟಿಗಳಿವೆ. ಅಲ್ಲಿ ಗೆಲ್ಲೋದು ಡೆಮಾಕ್ರಟರು. ರಾಜ್ಯದ ಒಟ್ಟು ಎಣಿಕೆಯಲ್ಲಿ ಅದು ಮುಳುಗಿಹೋಗ್ತದೆ, ನಕ್ಷೆಯಲ್ಲಿ ಪೂರ್ತಿ ಕೆಂಪು ಕಾಣ್ತದೆ. ಹಾಗಂತ ಇನ್ನೊಂದು ಕಡೆ ಇಲ್ಲ ಅಂತಲ್ಲ. ನನ್ನ ಜೊತೆ ಕೆಲಸ ಮಾಡೋ ಹೆಂಗಸೊಬ್ಬಳ ತಾಯಿಗೆ ಮೆಡಿಕೇರ್, ತಮ್ಮನಿಗೆ ಡಿಸೆಬಿಲಿಟಿ ಭತ್ಯೆ. ಆದ್ರೂ "ಸರ್ಕಾರದ ದುಡ್ಡಲ್ಲಿ ಬದುಕೋರು" ಅಂತ ಬೈಯುವಾಗ ಅವಳ ಕಣ್ಣ ಮುಂದೆ ಬರೋದು ಬೇರೆ ಯಾರೋ. ತಾಯಿಯದು ದುಡಿದು ಕಟ್ಟಿದ್ದು, ಹಕ್ಕು. ಪಕ್ಕದ ಬೀದಿಯವರದು ಬಿಟ್ಟಿ. ನಮ್ಮೂರಲ್ಲೂ ಸಬ್ಸಿಡಿ ಮಾತು ಬಂದಾಗ ಹೀಗೇ ಕೇಳಿದೀನಿ.

ನನಗೆ ಸಿಟ್ಟು ಬರೋದು ಅವರು ಇಸ್ಕೊಂಡಿದ್ದಕ್ಕಲ್ಲ, ಬೇಡ ಅಂದಿದ್ದಕ್ಕೆ. ಒಬಾಮಾ ಕಾಲದ ಕಾನೂನಿನಲ್ಲಿ ಬಡ ವಯಸ್ಕರಿಗೆ ಮೆಡಿಕೇಡ್ ವಿಸ್ತರಿಸಿದ್ರೆ ಖರ್ಚಿನ ನೂರಕ್ಕೆ 90 ವಾಷಿಂಗ್ಟನ್ ಕೊಡ್ತದೆ. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನ ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ಹತ್ತು ರಾಜ್ಯಗಳು ಇನ್ನೂ ಒಪ್ಪಿಲ್ಲ. ಮಿಸಿಸಿಪ್ಪಿ, ಅಲಬಾಮಾ ಎರಡೂ ಅದರಲ್ಲಿವೆ, ಟೆಕ್ಸಸ್ ಕೂಡ ಗೌಡ್ರೆ. 2024ರಲ್ಲಿ ಇಲ್ಲಿನ ಕೆಳಮನೆ ಒಪ್ಪಿತ್ತು. ಎರಡು ಸದನಗಳ ಹಗ್ಗಜಗ್ಗಾಟದಲ್ಲಿ ಮಸೂದೆ ಸತ್ತಿತು.

ಇದರ ಫಲ ನನ್ನ ಮೇಜಿಗೆ ಬರ್ತದೆ. ಪೆಟ್ರೋಲ್ ಬಂಕಲ್ಲಿ ಅರ್ಧ ದಿನದ ಕೆಲಸ ಮಾಡೋ ನಲವತ್ತರ ಗಂಡಸು, ಮಕ್ಕಳಿಲ್ಲ. ಇಲ್ಲಿ ಅವನಿಗೆ ಮೆಡಿಕೇಡ್ ಇಲ್ಲ. ಬಡತನದ ರೇಖೆಗಿಂತ ಕೆಳಗಿದ್ದಾನೆ, ಹಾಗಾಗಿ ಮಾರ್ಕೆಟ್‌ಪ್ಲೇಸ್ (ಅದೇ ಕಾನೂನಿನ ವಿಮೆ ಮಾರುಕಟ್ಟೆ) ಇನ್ಶೂರೆನ್ಸ್‌ಗೆ ಸಬ್ಸಿಡಿಯೂ ಇಲ್ಲ. ಅವನಿಗಿಂತ ಸ್ವಲ್ಪ ಹೆಚ್ಚು ದುಡಿಯೋನಿಗೆ ಉಂಟು! ಎದೆನೋವು ಅಂತ ಎಮರ್ಜೆನ್ಸಿಗೆ ಬಂದ್ರೆ 1986ರ ಕಾನೂನಿನ ಪ್ರಕಾರ ವಾಪಸ್ ಕಳಿಸೋ ಹಾಗಿಲ್ಲ. ನೋಡಿ ಕಳಿಸ್ತಾರೆ, ನಾನು "ಸೆಲ್ಫ್ ಪೇ" (ರೋಗಿಯೇ ಕಟ್ಟೋದು) ಅಂತ ಬಿಲ್ ಹೊಡೀತೀನಿ, ಕೆಲವು ತಿಂಗಳಲ್ಲಿ ಅದು ಬ್ಯಾಡ್ ಡೆಟ್, ಅಂದ್ರೆ ವಸೂಲಾಗದ ಬಾಕಿ, ಸಾಲಿಗೆ ಹೋಗ್ತದೆ. ದೊಡ್ಡ ಆಸ್ಪತ್ರೆ ತಡ್ಕೊಳ್ತದೆ, ಡೆಲ್ಟಾದ ಸಣ್ಣ ಆಸ್ಪತ್ರೆಗೆ ಕಷ್ಟ.

ಇದೇ ರಾಜ್ಯ 2025ರಲ್ಲಿ ತನ್ನ ಇನ್‌ಕಂ ಟ್ಯಾಕ್ಸನ್ನ ಹಂತಹಂತವಾಗಿ ಪೂರ್ತಿ ತೆಗೆಯೋ ಕಾನೂನು ಮಾಡಿತು. ಕಿರಾಣಿ ಸಾಮಾನಿನ ಮೇಲಿನ ಟ್ಯಾಕ್ಸನ್ನ 7ರಿಂದ 5ಕ್ಕೆ ಇಳಿಸಿದ್ರು, ಅದಕ್ಕೆ ಥ್ಯಾಂಕ್ಸ್, ಆದ್ರೆ ಅಕ್ಕಿ ಬೇಳೆಗೆ ಇನ್ನೂ ಟ್ಯಾಕ್ಸ್ ಕಟ್ತಿದೀವಿ. ರಾಜ್ಯದ ಸಿದ್ಧಾಂತ ನೋಡಬೇಕು ಅಂದ್ರೆ ಇಲ್ಲಿ ನೋಡಿ. 2 ಡಾಲರ್ 2 ಸೆಂಟಲ್ಲಿ ಸಿಗೋದಿಲ್ಲ ಅದು.

ಬಸವನಗುಡಿ ಸಿಎ

ಪ್ರಶ್ನೆಯ ಕೊನೆಯ ಸಾಲಿಗೆ ಮಾತ್ರ ಉತ್ತರಿಸುತ್ತೇನೆ. ಎರಡೂ ಒಂದೇ ಅಲ್ಲ. ಭಾರತದಲ್ಲಿ ಹಣಕಾಸು ಆಯೋಗ ಕೇಂದ್ರ ತೆರಿಗೆಯ ಪಾಲನ್ನು ನೇರವಾಗಿ ರಾಜ್ಯ ಸರ್ಕಾರಗಳಿಗೆ ಹಂಚುತ್ತದೆ. 14ನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ. 4.713 ಇತ್ತು, 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. 15ನೇ ಆಯೋಗದ ಸೂತ್ರದಲ್ಲಿ ಶೇ. 45ರಷ್ಟು ತೂಕ ತಲಾ ಆದಾಯದ ಅಂತರಕ್ಕೆ ಇತ್ತು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಜಂತರ್ ಮಂತರ್‌ನಲ್ಲಿ ಕುಳಿತದ್ದು ಇದಕ್ಕೇ. ಅಮೆರಿಕದಲ್ಲಿ ಅಂಥ ಆಯೋಗವೇ ಇಲ್ಲ. ನಿಕ್ಸನ್ ಕಾಲದಲ್ಲಿ, 1972ರಲ್ಲಿ, ಷರತ್ತಿಲ್ಲದೆ ಹಣ ಹಂಚುವ ಯೋಜನೆ ಬಂತು, 1986ಕ್ಕೆ ಮುಗಿಯಿತು.

ದೊಡ್ಡ ವ್ಯತ್ಯಾಸ ಇನ್ನೊಂದಿದೆ. ನ್ಯೂಜೆರ್ಸಿ ತನ್ನದೇ ಆದಾಯ ತೆರಿಗೆ ಹಾಕಬಹುದು, ಗರಿಷ್ಠ ದರ ಶೇ. 10.75. ಕರ್ನಾಟಕ ಕೃಷಿ ಆದಾಯ ಬಿಟ್ಟು ಬೇರೆ ಆದಾಯವನ್ನು ಮುಟ್ಟುವಂತಿಲ್ಲ. ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ಹಿಡಿತವೂ ಬಹುಪಾಲು ಹೋಯಿತು. ಹಾಗಾಗಿ ನಮ್ಮ ದೂರಿಗೆ ಹೆಚ್ಚು ತೂಕವಿದೆ. ಆದರೆ "ಬೆಂಗಳೂರಿನಲ್ಲಿ ಇಷ್ಟು ಸಂಗ್ರಹ" ಎನ್ನುವಾಗ ಒಂದು ಎಚ್ಚರ: ಹೆಡ್ ಆಫೀಸ್ ಎಲ್ಲಿದೆಯೋ ಅಲ್ಲಿ ಕಂಪನಿ ತೆರಿಗೆ ನಮೂದಾಗುತ್ತದೆ, ಲಾಭ ಹುಟ್ಟಿದ್ದು ಬೇರೆ ರಾಜ್ಯಗಳಲ್ಲೂ ಆಗಿರಬಹುದು.

ಎಡಿಸನ್‌ವಾಸಿ

ಸಾಗರದೋರೆ, ಒಪ್ಪಿದೆ ಅಂತಿಟ್ಕೊಳ್ಳಿ. ಆದರೆ 2020ರ ಏಪ್ರಿಲ್‌ನಲ್ಲಿ ಕೋವಿಡ್‌ಗೆ ನ್ಯೂಯಾರ್ಕ್ ಸಾಯ್ತಿದ್ದಾಗ ಆಗ ಸೆನೆಟ್‌ನಲ್ಲಿ ರಿಪಬ್ಲಿಕನ್ ನಾಯಕರಾಗಿದ್ದ ಕೆಂಟಕಿಯ ಮೆಕಾನೆಲ್, ರಾಜ್ಯಗಳು ದಿವಾಳಿ ಘೋಷಿಸಿಕೊಳ್ಳಲಿ ಅಂದರಲ್ಲ? ಆಗ ನ್ಯೂಯಾರ್ಕಿನ ಗವರ್ನರ್ ಆಗಿದ್ದ ಕ್ಯೂಮೊ ಲೆಕ್ಕ ಬಿಚ್ಚಿಟ್ಟರು: ನಾವು ತಗೊಂಡಿದ್ದಕ್ಕಿಂತ 116 ಬಿಲಿಯನ್ ಹೆಚ್ಚು ಕೊಟ್ಟಿದ್ದೀವಿ, ಕೆಂಟಕಿ ಕೊಟ್ಟಿದ್ದಕ್ಕಿಂತ 148 ಬಿಲಿಯನ್ ಹೆಚ್ಚು ತಗೊಂಡಿದೆ. ಅದು ತಪ್ಪಾ? ನಾವು ಬಾಯಿ ಮುಚ್ಚಿಕೊಂಡು ಕೊಡ್ತಾನೇ ಇರಬೇಕಾ?

ಜಾಕ್ಸನ್‌ನಿಂದ ಸಾಗರದವಳು

ಮೆಕಾನೆಲ್‌ಗೆ ಆ ಉತ್ತರ ಸರಿಯಾಗೇ ಇತ್ತು, ಬಿಡಿ. ಹೊಡೆದೋನಿಗೆ ತಿರುಗಿ ಹೊಡೆಯೋಕೆ ಆ ಅಂಕಿ ಆಗ್ತದೆ. ಮಿಸಿಸಿಪ್ಪಿಗೆ ಹೋಗೋ ದುಡ್ಡು ನಿಲ್ಲಿಸಿ ಅನ್ನೋಕೆ ಹೊರಟ್ರೆ ಮಾತ್ರ ಮೊದಲು ಏಟು ಬೀಳೋದು ಗ್ರೀನ್‌ವಿಲ್‌ನ ಡಯಾಲಿಸಿಸ್ ಅಜ್ಜಿಗೆ, ಅವಳು ನಿಮ್ಮ ಪಕ್ಷಕ್ಕೇ ವೋಟು ಹಾಕೋಳು.

ನಿಮ್ಮ ಅಲಬಾಮಾದ ಗೆಳೆಯನ ಹತ್ರ 1 ಡಾಲರ್ 66 ಸೆಂಟ್ ಮಾತು ಎತ್ತಬೇಡಿ, ಅವನು ಗೌಡ್ರ ಹಾಗೆ ನ್ಯೂ ಮೆಕ್ಸಿಕೊ ತೋರಿಸ್ತಾನೆ. ಅಲಬಾಮಾದ ಹಂಟ್ಸ್‌ವಿಲ್ ಊರಿನ ಬಗ್ಗೆ ಕೇಳಿ. ಸೇನೆಯ ನೆಲೆ ರೆಡ್‌ಸ್ಟೋನ್ ಆರ್ಸೆನಲ್, ನಾಸಾದ ಮಾರ್ಷಲ್ ಸೆಂಟರ್ ಮೊದಲೇ ಇದ್ವು, 2025ರಲ್ಲಿ ಮಿಲಿಟರಿಯ ಸ್ಪೇಸ್ ಕಮಾಂಡ್ ಮುಖ್ಯ ಕಚೇರಿಯನ್ನೂ ಕೊಲೊರಾಡೊದಿಂದ ಅಲ್ಲಿಗೆ ತರ್ತೀವಿ ಅಂದ್ರು. ಅದನ್ನ ಅವನು ಸರ್ಕಾರದ ಖರ್ಚು ಅಂತಾನೋ, ಊರಿನ ಹೆಮ್ಮೆ ಅಂತಾನೋ ನೋಡಿ. ಆಮೇಲೆ ಅವನ ರಾಜ್ಯ ಮೆಡಿಕೇಡ್ ವಿಸ್ತರಣೆಗೆ ಡಾಲರಿಗೆ 90 ಸೆಂಟ್ ಯಾಕೆ ಬೇಡ ಅಂತು ಕೇಳಿ. ಏನಂದ ಅಂತ ಇಲ್ಲಿ ಬರೀರಿ, ನನಗೂ ಕುತೂಹಲ.