ನಾಲ್ಕು ಜನರ ಸ್ಟ್ರಾಟಜಿ ಗೇಮ್: ಟರ್ನ್ ಹೇಗೆ ಇಡೋದು?

ಪ್ರಶ್ನೆ (ಶಿರಸಿ): ಅಣ್ಣ, ನಮಸ್ಕಾರ. ನಾವು ಮೂವರು ಗೆಳೆಯರು ಮೊಬೈಲಿಗೆ ಒಂದು ಗೇಮ್ ಮಾಡ್ತಾ ಇದ್ದೇವೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಕಾಲದ ಕಾಳುಮೆಣಸಿನ ವ್ಯಾಪಾರ. ಹೊನ್ನಾವರ, ಮಿರ್ಜಾನ್ ಬಂದರುಗಳಿಗೆ ನಾಲ್ಕು ಜನರ ಪೈಪೋಟಿ. ಒಬ್ಬರಾದ ಮೇಲೆ ಒಬ್ಬರು ಆಡಬೇಕು. ಆದರೆ ಒಬ್ಬ ಯೋಚಿಸುತ್ತಾ ಕೂತರೆ ಉಳಿದವರು ಫೋನ್ ಕೆಳಗಿಡುತ್ತಾರೆ. ಏನು ಮಾಡೋಣ?

ಉತ್ತರ (ಗೇಮ್ ಡಿಸೈನರ್, ಊರು ಕುಮಟಾ): ಒಂದು ಟರ್ನಿಗೆ ಒಂದೂವರೆ ನಿಮಿಷ ಅಂದ್ಕೊಳ್ಳಿ. ಆಗ ಪ್ರತಿಯೊಬ್ಬರೂ ನಾಲ್ಕೂವರೆ ನಿಮಿಷ ಸುಮ್ನೆ ಕೂರಬೇಕು. ಚೆಸ್‌ನಲ್ಲಿ ಎದುರಾಳಿ ಯೋಚಿಸುವಾಗ ನಾವೂ ಯೋಚಿಸಬಹುದು. ನಾಲ್ವರ ಆಟದಲ್ಲಿ ನಮ್ಮ ಸರದಿ ಬರುವಷ್ಟರಲ್ಲಿ ಮೂರು ಜನ ಬೋರ್ಡ್ ಬದಲಾಯಿಸಿರುತ್ತಾರೆ, ಯೋಚಿಸಿದ್ದೆಲ್ಲ ದಂಡ.

ಎಲ್ಲರೂ ಒಟ್ಟಿಗೇ, ಗುಟ್ಟಾಗಿ ಆರ್ಡರ್ (ಅಂದರೆ ತಮ್ಮ ನಡೆಯ ಆಜ್ಞೆ) ಕೊಡಲಿ. 1959ರಲ್ಲಿ ಬಂದ ಡಿಪ್ಲೊಮಸಿ ಬೋರ್ಡ್ ಗೇಮ್‌ನಲ್ಲಿ ಏಳು ಜನ ಚೀಟಿ ಬರೆದಿಟ್ಟು ಒಂದೇ ಸಲ ತೆರೆಯುತ್ತಾರೆ. ಸಿವಿಲೈಸೇಶನ್ ಅನ್ನೋ ಕಂಪ್ಯೂಟರ್ ಗೇಮ್ ಸರಣಿಯಲ್ಲೂ ಒಟ್ಟಿಗೆ ಆಡುವ ಟರ್ನ್ ಇದೆ, ಆದರೆ ಅದು ಬೇರೆ. ಅಲ್ಲಿ ನಡೆ ಆಗಿಂದಾಗಲೇ ಜಾರಿಯಾಗುತ್ತದೆ, ಮೊದಲು ಒತ್ತಿದವನೇ ಗೆದ್ದ. ಫೈಬರ್ ಇರುವ ಬೆಂಗಳೂರಿನವನ ಮುಂದೆ ಘಟ್ಟದ ಮೇಲಿನ ಹುಡುಗ ಏನು ಮಾಡಬೇಕು ಹೇಳಿ!

ನಿಜವಾದ ಕೆಲಸ ಇರೋದು ಡಿಕ್ಕಿ ಬಿಡಿಸುವುದರಲ್ಲಿ. ಇಬ್ಬರ ಹಡಗೂ ಮಿರ್ಜಾನ್‌ಗೆ ಹೊರಟರೆ? ಡಿಪ್ಲೊಮಸಿಯಲ್ಲಿ ಸಮಬಲವಿದ್ದರೆ ಇಬ್ಬರೂ ಇದ್ದಲ್ಲೇ ಉಳಿಯುತ್ತಾರೆ. ಇನ್ನೊಂದು ನೋಡಿ: ನಿಮ್ಮ ಹಡಗು ಹೊನ್ನಾವರದಿಂದ ಮಿರ್ಜಾನ್‌ಗೆ, ನನ್ನದು ಮಿರ್ಜಾನ್‌ನಿಂದ ಹೊನ್ನಾವರಕ್ಕೆ. ಎರಡೂ ನಡು ಸಮುದ್ರದಲ್ಲಿ ಎದುರಾಗುತ್ತವೋ, ಒಂದನ್ನೊಂದು ದಾಟಿ ಹೋಗುತ್ತವೋ? ಇದನ್ನು ಬರೆದಿಡದಿದ್ದರೆ ನಿಮ್ಮ ಕೋಡೇ ಏನೋ ಒಂದು ತೀರ್ಮಾನ ಮಾಡಿಬಿಡುತ್ತದೆ. ಅದು ಬಗ್ ಅಂತ ಆಟಗಾರರು ಬೈತಾರೆ. ಮೊದಲು ಹಡಗಿನ ಓಡಾಟ, ಆಮೇಲೆ ಕಾಳಗ, ಕೊನೆಗೆ ವ್ಯಾಪಾರ. ಈ ಕ್ರಮ ಆಟಗಾರರಿಗೂ ಗೊತ್ತಿರಲಿ. ಇಲ್ಲಿ ದಾಳ ಉರುಳಿಸಿ ತೀರಿಸಬೇಡಿ, ನನಗಂತೂ ಅದು ಸೋಮಾರಿತನ ಅನ್ನಿಸುತ್ತದೆ.

ಪ್ರಶ್ನೆ (ಕಾರವಾರ): ಮಳೆಗಾಲದಲ್ಲಿ ಕರೆಂಟು ಹೋದರೆ ನೆಟ್‌ವರ್ಕೂ ಹೋಗ್ತದೆ. ಹಾಗೆ ಲೈನ್ ಹೋದ ಆಟಗಾರನ ಗತಿ ಏನು ಸರ್?

ಉತ್ತರ: ಗಡಿಯಾರ ಸರ್ವರ್‌ನಲ್ಲಿರಲಿ, ಫೋನಿನಲ್ಲಲ್ಲ. ಪ್ರತಿ ಆರ್ಡರೂ ಒತ್ತಿದ ಕೂಡಲೇ ಸರ್ವರ್‌ಗೆ ಹೋಗಿ ಉಳಿಯಲಿ. ‘ಮುಗೀತು’ ಬಟನ್ ಒತ್ತುವ ಮೊದಲೇ ಲೈನ್ ಕಡಿದರೂ ಅಲ್ಲಿವರೆಗಿನದು ಲೆಕ್ಕಕ್ಕೆ ಬರುತ್ತದೆ. ಏನೂ ಕೊಡದಿದ್ದರೆ ಅವನ ಹಡಗು ಬಂದರು ಕಾಯುತ್ತಾ ನಿಲ್ಲಲಿ. ನಾಲ್ವರೂ ಮುಗಿಸಿದರೆ ಟೈಮರ್‌ಗೆ ಕಾಯಬೇಡಿ. ಒಂದು ಟರ್ನಿಗೆ 24 ಗಂಟೆ ಕೊಡುವ ನಿಧಾನದ ಆಟವನ್ನೂ ಇಡಿ, ನಮ್ಮ ಕಡೆಯವರಿಗೆ ಅದೇ ಜಾಸ್ತಿ ಹೊಂದುತ್ತದೆ. ಹಾಂ, ಬೇರೆಯವರ ಆರ್ಡರ್ ಯಾರ ಫೋನಿಗೂ ಮುಂಚೆ ಕಳಿಸಬೇಡಿ. ಪರದೆಯಲ್ಲಿ ಮುಚ್ಚಿಟ್ಟರೂ ಅಗೆದು ನೋಡುವವರು ಇದ್ದೇ ಇರ್ತಾರೆ.

ಪ್ರಶ್ನೆ (ಅಂಕೋಲಾ): ಏಜ್ ಆಫ್ ಎಂಪೈರ್ಸ್ ಕಂಪ್ಯೂಟರ್ ಗೇಮ್ ತರಹ ಎಲ್ಲರೂ ಸರದಿ ಕಾಯದೆ ಒಟ್ಟಿಗೇ ಆಡೋ ಹಾಗೆ ಮಾಡಿದ್ರೆ ಟರ್ನಿನ ರಗಳೆಯೇ ಇಲ್ಲ ಅಲ್ವಾ?

ಉತ್ತರ: 1997ರ ಆ ಗೇಮ್‌ನ ಒಳಗೂ ಟರ್ನ್ ಇದೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಒಂದೊಂದು ಟರ್ನ್ ಸುಮಾರು 200 ಮಿಲಿಸೆಕೆಂಡ್. ಈಗ ಕೊಟ್ಟ ಆಜ್ಞೆ ಎರಡು ಟರ್ನ್ ಬಿಟ್ಟು ಜಾರಿಯಾಗುತ್ತದೆ, ಅಷ್ಟರಲ್ಲಿ ಅದು ಎಲ್ಲ ಕಂಪ್ಯೂಟರ್‌ಗೂ ತಲುಪಿರಬೇಕು. ಸೈನಿಕರ ಜಾಗ ಕಳಿಸುವುದಿಲ್ಲ, ಆಜ್ಞೆ ಮಾತ್ರ. ಹಾಗಾಗಿ ಹಳೆ ಮೋಡೆಮ್‌ನಲ್ಲೂ ಓಡಿತು. ಆದರೆ ಒಬ್ಬನ ಲೈನ್ ನಿಧಾನವಾದರೆ ಎಲ್ಲರ ಆಟವೂ ನಿಧಾನ. ಶಿರಸಿಯವರು ತಪ್ಪಿಸಿಕೊಳ್ಳಬೇಕು ಅಂತಿರೋದು ಅದನ್ನೇ.