ಇಪ್ಪತ್ತು ವರ್ಷ ಹಳೆಯ ಪೇಜ್‌ಮೇಕರ್ ಫೈಲ್ ಹೊಸ ಕಂಪ್ಯೂಟರ್‌ನಲ್ಲಿ ತೆರೆಯುತ್ತಿಲ್ಲ. ಎಲ್ಲವನ್ನೂ ಮತ್ತೆ ಟೈಪ್ ಮಾಡಿಸಬೇಕೇ?

ಪ್ರಶ್ನೆ (ಬೆಟಗೇರಿ, ಮುದ್ರಣಾಲಯ ನಡೆಸುವವರು):
ನಮಸ್ಕಾರ ಸರ್. ಗದಗ-ಬೆಟಗೇರಿಯಲ್ಲಿ ನಮ್ಮದೊಂದು ಸಣ್ಣ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಂಘಗಳ ವಾರ್ಷಿಕ ವರದಿ, ಇವೇ ನಮ್ಮ ದುಡಿಮೆ. 2005ರಲ್ಲಿ ನಮ್ಮ ತಂದೆಯವರು ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಸಹಕಾರ ಚಳವಳಿಯ ಬಗ್ಗೆ ಒಂದು ಪುಸ್ತಕದ ಪುಟಗಳನ್ನು ಕಟ್ಟಿದ್ದರು. ನಮ್ಮ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಹುಟ್ಟಿದ ಕಥೆ, ಹಳೆಯ ಸದಸ್ಯರು ಬಾಯಿಬಿಟ್ಟು ಹೇಳಿದ ನೆನಪುಗಳು ಅದರಲ್ಲಿವೆ. ಹೇಳಿದವರಲ್ಲಿ ಹೆಚ್ಚಿನವರು ಈಗಿಲ್ಲ. ಮರುಮುದ್ರಣ ಬೇಕೆಂದು ಕೇಳಿಕೊಂಡು ಬಂದಿದ್ದಾರೆ.

ವಿಂಡೋಸ್ 10ಕ್ಕೆ ಬೆಂಬಲ ನಿಂತಿತೆಂದು ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತೆಗೆದುಕೊಂಡೆವು. ಸಿ.ಡಿ.ಯಲ್ಲಿದ್ದ ಫೈಲುಗಳನ್ನು ಈಗ ಪುಟ ಕಟ್ಟಲು ಬಳಸುವ ಹೊಸ ಇನ್‌ಡಿಸೈನ್ ತಂತ್ರಾಂಶದಲ್ಲಿ ತೆರೆಯಲು ಹೋದರೆ ಒಂದೂ ತೆರೆಯುತ್ತಿಲ್ಲ. ಈ ಬಗೆಯ ಫೈಲಿಗೆ ಬೆಂಬಲ ಇಲ್ಲದಿರಬಹುದು ಎಂಬ ಸಂದೇಶ ಬರುತ್ತದೆ. ಒಂದು ಅಂಗಡಿಯಲ್ಲಿ ತೋರಿಸಿದೆವು. ಫೈಲ್ ಕೆಟ್ಟುಹೋಗಿದೆ, ಮತ್ತೆ ಟೈಪ್ ಮಾಡಿಸಿ ಎಂದರು. ಬೇರೆ ದಾರಿ ಇದೆಯೇ?

ಉತ್ತರ (ಹುಬ್ಬಳ್ಳಿ, ಕಂಪ್ಯೂಟರ್ ದುರಸ್ತಿಯವರು):
ಅಣ್ಣನವರೇ, ಟೈಪಿಸ್ಟರಿಗೆ ಮುಂಗಡ ಕೊಡಬೇಡಿ. ಕಂಪ್ಯೂಟರ್ ನಿಮಗೆ ಹೇಳಿದ ಮಾತನ್ನು ಇನ್ನೊಮ್ಮೆ ಓದಿ. ಫೈಲ್ ಕೆಟ್ಟಿದೆ ಎಂದು ಅದು ಎಲ್ಲಿಯೂ ಹೇಳಿಲ್ಲ. ಈ ಬಗೆಯ ಫೈಲ್ ಓದುವುದು ನನಗೆ ಗೊತ್ತಿಲ್ಲ ಎಂದಷ್ಟೇ ಹೇಳಿದೆ. ಈ ಎರಡು ಮಾತುಗಳಿಗೆ ಬಹಳ ಅಂತರವಿದೆ. ಅದನ್ನು ಗಮನಿಸದೆ ಜನ ಚೆನ್ನಾಗಿರುವ ಫೈಲನ್ನೇ ಅಳಿಸಿ ಕುಳಿತುಬಿಡುತ್ತಾರೆ.

ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಕಂಪನಿಯಿಂದ ಬಂದದ್ದು. 1994ರಲ್ಲಿ ಅಡೋಬಿ ಆ ಕಂಪನಿಯನ್ನು ಕೊಂಡಿತು. 2001ರ 7.0 ಕೊನೆಯ ದೊಡ್ಡ ಆವೃತ್ತಿ. ಆಮೇಲೆ ಅಡೋಬಿಯ ಗಮನವೆಲ್ಲ ಇನ್‌ಡಿಸೈನ್ ಕಡೆಗೆ ಹೋಯಿತು. 2012ರ ಇನ್‌ಡಿಸೈನ್ ಸಿಎಸ್6ರವರೆಗೂ ಪೇಜ್‌ಮೇಕರ್ 6.0ರಿಂದ 7ರವರೆಗಿನ ಫೈಲುಗಳು ನೇರವಾಗಿ ತೆರೆಯುತ್ತಿದ್ದವು. ಅದರ ನಂತರ ಬಂದ ಸಿಸಿ ಆವೃತ್ತಿಗಳಲ್ಲಿ ಆ ಸೌಲಭ್ಯವನ್ನೇ ತೆಗೆದುಹಾಕಿದರು. ನಿಮ್ಮ ತಂದೆಯವರ ಫೈಲ್ ಎಷ್ಟೇ ಗಟ್ಟಿಯಾಗಿದ್ದರೂ ನಿಮ್ಮ ಹೊಸ ಇನ್‌ಡಿಸೈನ್‌ಗೆ ಅದನ್ನು ಓದಲು ಬರುವುದಿಲ್ಲ.

ಮೊದಲು ಸಿ.ಡಿ.ಯಲ್ಲಿರುವ ಎಲ್ಲವನ್ನೂ ಎರಡು ಬೇರೆ ಬೇರೆ ಕಡೆ ನಕಲಿಸಿ, ಸಿ.ಡಿ.ಯನ್ನು ಎತ್ತಿಡಿ. ಇನ್ನು ಮುಂದಿನ ಪ್ರಯೋಗವೆಲ್ಲ ನಕಲಿನ ಮೇಲೆಯೇ ನಡೆಯಲಿ. ಆಮೇಲೆ ಮೂರು ವಿಷಯ ತಿಳಿಸಿ: ಫೈಲಿನ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಏನಿದೆ, ಗಾತ್ರ ಎಷ್ಟಿದೆ, ಯಾವ ಕನ್ನಡ ಫಾಂಟ್ ಬಳಸಿದ್ದರು? ಚುಕ್ಕಿಯ ನಂತರದ ಅಕ್ಷರ ಕಾಣದಿದ್ದರೆ ಫೋಲ್ಡರ್‌ನ ವ್ಯೂ ಮೆನುವಿನಲ್ಲಿ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಒತ್ತಿರಿ. ವಿಂಡೋಸ್ ಇದನ್ನು ಮುಚ್ಚಿಡುವುದೇ ಅರ್ಧ ಗೊಂದಲಕ್ಕೆ ಕಾರಣ ಎಂದು ನನ್ನ ಅಭಿಪ್ರಾಯ.

ಬೆಟಗೇರಿಯವರು:
ಎಲ್ಲ ಫೈಲಿಗೂ ಪಿ65 ಎಂದಿದೆ ಸರ್. ಒಂದೊಂದು ಅಧ್ಯಾಯವೂ ಎರಡು-ಮೂರು ಎಂಬಿ ಇದೆ. ಫಾಂಟ್ ನುಡಿ. ಒಂದು ನಕಲಿನಲ್ಲಿ ಪಿ65 ತೆಗೆದು ಇನ್‌ಡಿಸೈನ್‌ನ ಐಎನ್‌ಡಿಡಿ ಎಂದು ಹೆಸರು ಬದಲಿಸಿಯೂ ನೋಡಿದೆ, ಆಗಲಿಲ್ಲ. ಸಿ.ಡಿ.ಯಲ್ಲಿ ಫೋಟೋ ಎಂಬ ಇನ್ನೊಂದು ಫೋಲ್ಡರ್ ಇತ್ತು, ಅದನ್ನು ನಕಲಿಸಿರಲಿಲ್ಲ.

ಉತ್ತರ:
ಗಾತ್ರ ಕೇಳಿ ಸಮಾಧಾನವಾಯಿತು. ಸೊನ್ನೆ ಕೆಬಿ ಇದ್ದರೆ ಆತಂಕಪಡಬೇಕಿತ್ತು. ಪಿ65 ಎಂದರೆ ಪೇಜ್‌ಮೇಕರ್ 6.5ರ ಫೈಲ್. ಏಳನೆಯ ಆವೃತ್ತಿಯದಾಗಿದ್ದರೆ ಪಿಎಂಡಿ ಎಂದಿರುತ್ತಿತ್ತು. ಹೆಸರು ಬದಲಿಸುವ ಉಪಾಯವನ್ನು ಇಲ್ಲಿಗೇ ಬಿಡಿ. ಮೆಣಸಿನಕಾಯಿ ಚೀಲದ ಮೇಲೆ ಅರಿಸಿನ ಎಂದು ಬರೆದರೆ ಒಳಗಿನ ಮಾಲು ಬದಲಾಗುವುದಿಲ್ಲ.

ನಿಮಗೆ ಬೇಕಿರುವುದು ಪೇಜ್‌ಮೇಕರ್ 7 ಅಥವಾ ಇನ್‌ಡಿಸೈನ್ ಸಿಎಸ್6 ಇರುವ ಒಂದು ಯಂತ್ರ. ಗದಗಿನಲ್ಲಿ ಇಷ್ಟೊಂದು ಪ್ರೆಸ್‌ಗಳಿವೆ. ಯಾರಾದರೊಬ್ಬರು ಹಳೆಯ ಕಂಪ್ಯೂಟರನ್ನು ಮೂಲೆಯಲ್ಲಿ ಇಟ್ಟುಕೊಂಡೇ ಇರುತ್ತಾರೆ, ಕೇಳಿ ನೋಡಿ. ಸಿಎಸ್6 ಸಿಕ್ಕರೆ ಬಹಳ ಒಳ್ಳೆಯದು. ಅದರಲ್ಲಿ ಪಿ65 ತೆರೆದು, ಐಡಿಎಂಎಲ್ ಎಂಬ ಬಗೆಯ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ನಿಮ್ಮ ಹೊಸ ಇನ್‌ಡಿಸೈನ್ ಅದನ್ನು ಓದುತ್ತದೆ. ಎರಡೂ ಸಿಗದಿದ್ದರೆ ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಹಾಕಿಕೊಳ್ಳಿ. 2015ರ 4.4ನೆಯ ಆವೃತ್ತಿಯಿಂದ ಅದಕ್ಕೆ ಪೇಜ್‌ಮೇಕರ್ ಫೈಲ್ ಓದಲು ಬರುತ್ತದೆ. ಪುಟ ಇದ್ದಂತೆಯೇ ಬರುತ್ತದೆಂದು ನಂಬಬೇಡಿ, ಸಾಲುಗಳು ಸರಿದಾಡುತ್ತವೆ. ಆದರೆ ಪಠ್ಯ ಕೈಗೆ ಸಿಕ್ಕರೆ ಟೈಪಿಂಗ್ ಖರ್ಚು ಉಳಿಯುತ್ತದೆ.

ಫೋಟೋ ಫೋಲ್ಡರನ್ನು ಇಂದೇ ನಕಲಿಸಿ. ಪೇಜ್‌ಮೇಕರ್ ದೊಡ್ಡ ಚಿತ್ರಗಳನ್ನು ಸಾಮಾನ್ಯವಾಗಿ ಫೈಲಿನೊಳಗೆ ಪೂರ್ತಿಯಾಗಿ ಇಟ್ಟುಕೊಳ್ಳುವುದಿಲ್ಲ. ಚಿತ್ರ ಎಲ್ಲಿದೆ ಎಂಬ ವಿಳಾಸವನ್ನು ಇಟ್ಟುಕೊಂಡು, ಪುಟದಲ್ಲಿ ಅದರ ಮಸುಕು ನೆರಳನ್ನು ಮಾತ್ರ ತೋರಿಸುತ್ತದೆ. ತೆರೆಯುವಾಗ ಚಿತ್ರ ಎಲ್ಲಿ ಎಂದು ಕೇಳಿದರೆ ಆ ಫೋಲ್ಡರ್ ತೋರಿಸಿ. ಹಾಗೆಯೇ ಮುಂದೆ ಹೋದರೆ ಅಚ್ಚಿನಲ್ಲಿ ಚಿತ್ರಗಳು ಚೌಕ ಚೌಕವಾಗಿ ಒಡೆದು ಬರುತ್ತವೆ.

ತೆರೆದ ಮೇಲೆ ಅಕ್ಷರವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಂಡರೂ ಹೆದರಬೇಡಿ. ಆ ಕಾಲದ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದವು. ಫಾಂಟ್ ಇಲ್ಲದ ಯಂತ್ರದಲ್ಲಿ ಕೆಳಗಿನ ಇಂಗ್ಲಿಷ್ ಚಿಹ್ನೆಗಳೇ ಕಾಣುತ್ತವೆ. ಅದೇ ನುಡಿ ಫಾಂಟನ್ನು ಹಾಕಿದರೆ ಕನ್ನಡ ಮರಳಿ ಬರುತ್ತದೆ.

ಪ್ರಶ್ನೆ (ಧಾರವಾಡ, ಸಂಶೋಧನಾ ವಿದ್ಯಾರ್ಥಿನಿ):
ಸರ್, ಇದೇ ಬಗೆಯ ತೊಂದರೆ. ಮಾರ್ಗದರ್ಶಕರು ತಿದ್ದಿ ಕಳುಹಿಸಿದ ವರ್ಡ್ ಫೈಲ್ ಮೊಬೈಲಿನಲ್ಲಿ ತೆರೆಯುತ್ತದೆ. ಇಮೇಲ್‌ನಿಂದ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡರೆ, ತೆರೆಯುವಾಗ ದೋಷ ಉಂಟಾಯಿತು ಎನ್ನುತ್ತದೆ.

ಉತ್ತರ:
ಮೊಬೈಲಿನಲ್ಲಿ ತೆರೆಯುವುದರಿಂದ ಫೈಲ್ ಸರಿಯಾಗಿದೆ ತಂಗಿ. ಹೊರಗಿನಿಂದ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಹಾಕುತ್ತದೆ, ವರ್ಡ್ ಅದನ್ನು ನೋಡಿ ತಡೆಯುತ್ತದೆ. ಫೈಲಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋಗಿ. ಕೆಳಗಡೆ ಅನ್‌ಬ್ಲಾಕ್ ಎಂದಿದ್ದರೆ ಗುರುತು ಹಾಕಿ ಓಕೆ ಕೊಡಿ. ಕಳುಹಿಸಿದವರು ಯಾರೆಂದು ಖಾತ್ರಿ ಇರುವ ಫೈಲಿಗೆ ಮಾತ್ರ ಹೀಗೆ ಮಾಡಿ.

ಪ್ರಶ್ನೆ (ಬ್ಯಾಡಗಿ, ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ಬರೆಯುವವರು):
ಡಬ್ಬಿ, ಕಡ್ಡಿ ಎರಡೂ ಬಗೆಯ ಮೆಣಸಿನಕಾಯಿಯ ತೂಕ-ದರದ ಲೆಕ್ಕ ಎಕ್ಸೆಲ್‌ನಲ್ಲಿದೆ. ಟೆಂಡರ್ ದಿನ ಕರೆಂಟ್ ಹೋಯಿತು. ಈಗ ತೆರೆದರೆ ಫೈಲಿನ ಬಗೆ ಸರಿಯಿಲ್ಲ ಎನ್ನುತ್ತದೆ. ಗಾತ್ರ 1 ಕೆಬಿ ತೋರಿಸುತ್ತಿದೆ. ರೈತರಿಗೆ ಪಟ್ಟಿ ಕೊಡಬೇಕು, ಕೈಕಾಲು ಆಡುತ್ತಿಲ್ಲ.

ಉತ್ತರ:
ಆ ಫೈಲಿನ ಹೆಸರಿನ ಮೊದಲಲ್ಲಿ ಅಲೆಯಂತಹ ಒಂದು ಗೆರೆ, ಅದರ ಪಕ್ಕ ಡಾಲರ್ ಚಿಹ್ನೆ ಇದೆಯೇ ನೋಡಿ.

ಬ್ಯಾಡಗಿಯವರು:
ಹೌದು ಸರ್, ಇದೆ.

ಉತ್ತರ:
ಹಾಗಾದರೆ ಅದು ನಿಮ್ಮ ಲೆಕ್ಕವೇ ಅಲ್ಲ. ನೀವು ಫೈಲ್ ತೆರೆದಿರುವಾಗ, ಇದನ್ನು ಇಂಥವರು ಬಳಸುತ್ತಿದ್ದಾರೆ ಎಂದು ಎಕ್ಸೆಲ್ ಪಕ್ಕದಲ್ಲಿ ಒಂದು ಸಣ್ಣ ಫೈಲ್ ಬರೆದಿಟ್ಟುಕೊಳ್ಳುತ್ತದೆ. ಮುಚ್ಚಿದಾಗ ತಾನೇ ಅಳಿಸುತ್ತದೆ. ಕರೆಂಟ್ ಹೋದದ್ದರಿಂದ ಅದು ಉಳಿದುಕೊಂಡಿದೆ. ಅದರೊಳಗೆ ಬಳಸುವವರ ಹೆಸರಿನ ಹೊರತು ಬೇರೇನೂ ಇರುವುದಿಲ್ಲ. ಅದೇ ಫೋಲ್ಡರ್‌ನಲ್ಲಿ ಆ ಚಿಹ್ನೆಗಳಿಲ್ಲದ ಹೆಸರು ಹುಡುಕಿ, ಅದನ್ನು ನಕಲಿಸಿ, ನಕಲನ್ನು ತೆರೆಯಿರಿ. ಅದೂ ಮುಷ್ಕರ ಹೂಡಿದರೆ ಎಕ್ಸೆಲ್‌ನ ಓಪನ್ ಕಿಟಕಿಯಲ್ಲಿ ಫೈಲ್ ಆರಿಸಿ, ಓಪನ್ ಗುಂಡಿಯ ಪಕ್ಕದ ಬಾಣದಲ್ಲಿ ಓಪನ್ ಆ್ಯಂಡ್ ರಿಪೇರ್ ಕೊಡಿ.

ಬ್ಯಾಡಗಿಯವರು:
ಮೂಲ ಫೈಲ್ ಅಲ್ಲಿಯೇ ಇತ್ತು, ತೆರೆಯಿತು. ಕೊನೆಯ ಕೆಲವು ಲಾಟ್‌ಗಳು ಮಾತ್ರ ಇಲ್ಲ.

ಉತ್ತರ:
ಎಕ್ಸೆಲ್ ತಾನಾಗಿ ಉಳಿಸಿಕೊಳ್ಳುವುದು ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ. ಫೈಲ್ ಮೆನುವಿನ ಇನ್‌ಫೋದಲ್ಲಿ ಮ್ಯಾನೇಜ್ ವರ್ಕ್‌ಬುಕ್ ಎಂಬಲ್ಲಿ ಇನ್ನೂ ಹೊಸ ಪ್ರತಿ ಇದೆಯೇ ನೋಡಿ. ಇರದಿದ್ದರೆ ತೂಕದ ಚೀಟಿಗಳಿಂದ ತುಂಬಿಕೊಳ್ಳಿ. ಸುಗ್ಗಿಯ ದಿನಗಳಲ್ಲಿ ಆ ಅವಧಿಯನ್ನು 2 ನಿಮಿಷಕ್ಕೆ ಇಳಿಸಿ, ಕಂಪ್ಯೂಟರಿಗೆ ಒಂದು ಯುಪಿಎಸ್ ಕೊಡಿಸಿ ಎಂದು ಮಾಲೀಕರಿಗೆ ಒತ್ತಾಯಪೂರ್ವಕವಾಗಿ ಹೇಳಿ. ರೈತರ ಹಣದ ಲೆಕ್ಕ ಅದು.

ಬೆಟಗೇರಿಯವರು:
ಸರ್, ನಮ್ಮ ಓಣಿಯಲ್ಲೇ ಒಬ್ಬರ ಹತ್ತಿರ ಪೇಜ್‌ಮೇಕರ್ 7 ಸಿಕ್ಕಿತು! ಅಧ್ಯಾಯಗಳು ಚಿತ್ರದ ಸಮೇತ ತೆರೆದವು. ತಂದೆಯವರು ಪಕ್ಕದಲ್ಲೇ ಕುಳಿತು ಓದುತ್ತಿದ್ದಾರೆ. ಹಿರಿಯರ ನೆನಪುಗಳಿರುವ ಅಧ್ಯಾಯ ಮಾತ್ರ ತೆರೆಯುತ್ತಿಲ್ಲ. ಬ್ಯಾಡ್ ರೆಕಾರ್ಡ್ ಇಂಡೆಕ್ಸ್ ಎಂದು ಬರುತ್ತಿದೆ.

ಉತ್ತರ:
ಇದು ನಿಜವಾಗಿಯೂ ಏಟು ತಿಂದ ಫೈಲ್. ಇತರ ಅಧ್ಯಾಯಗಳಂತೆ ಅಲ್ಲ. ಸಿ.ಡಿ.ಯ ಮೇಲ್ಮೈ ಒರೆಸಿ, ಬೇರೊಂದು ಡ್ರೈವ್‌ನಲ್ಲಿ ಅದೊಂದು ಫೈಲನ್ನು ಮತ್ತೆ ನಕಲಿಸಿ ನೋಡಿ. ಗೀರಿನಿಂದ ಓದುವಾಗಲೇ ತಪ್ಪಿರಬಹುದು. ಆಗಲಿಲ್ಲವೆಂದರೆ ಪೇಜ್‌ಮೇಕರ್‌ನಲ್ಲಿ ಖಾಲಿ ಪುಟವೊಂದನ್ನು ತೆರೆದು, ಫೈಲ್ ಮೆನುವಿನ ಪ್ಲೇಸ್ ಆದೇಶದಿಂದ ಆ ಪಿ65 ಫೈಲನ್ನು ಆರಿಸಿ. ಒಳಗಿರುವ ಬರಹಗಳ ಪಟ್ಟಿ ಬಂದರೆ ಬೇಕಾದ್ದನ್ನು ಆಯ್ದು ಎಳೆದುಕೊಳ್ಳಬಹುದು. ಪುಟವಿನ್ಯಾಸ ಬರುವುದಿಲ್ಲ, ಮಾತು ಬರುತ್ತದೆ. ಅದಕ್ಕೂ ಜಗ್ಗದಿದ್ದರೆ ಲಿಬ್ರೆಆಫೀಸ್.

ಬೆಟಗೇರಿಯವರು:
ಪ್ಲೇಸ್‌ನಲ್ಲಿ ಪಟ್ಟಿ ಬಂತು ಸರ್. ಪಠ್ಯ ಪೂರ್ತಿ ಸಿಕ್ಕಿತು. ಪುಟ ನಾವೇ ಕಟ್ಟಿಕೊಳ್ಳುತ್ತೇವೆ. ನಿಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಉತ್ತರ:
ಬಹಳ ಸಂತೋಷವಾಯಿತು. ಆ ಯಂತ್ರದ ಮುಂದಿರುವಾಗಲೇ ತೆರೆದ ಪ್ರತಿ ಅಧ್ಯಾಯವನ್ನೂ ಫಾಂಟ್ ಒಳಗೇ ಸೇರಿದ ಪಿಡಿಎಫ್ ಮಾಡಿ ಉಳಿಸಿಕೊಳ್ಳಿ. ನುಡಿಯ ಪಠ್ಯವನ್ನು ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ಆ ಫಾಂಟ್ ಇಲ್ಲದ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ತನ್ನಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ನಡುವೆ ಬಂದ ಇಂಗ್ಲಿಷ್ ಹೆಸರುಗಳನ್ನೂ ಒಂದೊಂದಾಗಿ ನೋಡಬೇಕು. ಇಂಗ್ಲಿಷ್ ಪದಗಳನ್ನೂ ಕನ್ನಡವೆಂದೇ ತಿಳಿದು ಪರಿವರ್ತಕ ಕಲಸಿಬಿಡುತ್ತದೆ. ಕರಡು ತಿದ್ದಲು ತಂದೆಯವರಿಗಿಂತ ಬೇರೆ ಯಾರು ಬೇಕು? ಮೊದಲ ಎರಡು ಪುಟ ಸಿದ್ಧವಾದಾಗ ಇಲ್ಲಿ ಹಾಕಿ, ನಾನೂ ಕಣ್ಣಾಡಿಸುತ್ತೇನೆ.